ಚಿಕ್ಕವ್ವನ ಮರಿಹೃದಯ

ಹೊಸ ಔಷಧ ಕೊಡುವ ಮುನ್ನ, ರೋಗಿಯ ರಕ್ತದಿಂದ ಕಡಲೆಕಾಳಿನಷ್ಟು ಮರಿಹೃದಯ ಬೆಳೆಸಿ, ಅದರ ಮೇಲೆ ಹನಿಸಿ ನೋಡುವುದು ಆಸ್ಪತ್ರೆಯ ರೂಢಿ. ಆ ಕೆಲಸ ಕಲಿಯಲು ಕಾಡಿನ ಸೋಲಿಗ ಬುಡಕಟ್ಟಿನ ಪೋಡಿನಿಂದ, ಅಂದರೆ ಹಾಡಿಯಿಂದ, ಬಂದ ಮೊದಲ ಬಿ.ಎಸ್ಸಿ. ಹುಡುಗಿ ಮಾದೇವಿ. ಇಂದು ಅವಳ ಬಟ್ಟಲಲ್ಲಿ ಮಿಡಿಯುತ್ತಿದ್ದುದು ಅವಳ ಚಿಕ್ಕವ್ವ ಕೇತಮ್ಮನ ಮರಿಹೃದಯ. ಬೆಳಗಿನಿಂದ ಮಾದೇವಿಗೆ ಕೂತಲ್ಲಿ ಕೂರಲಾಗಿರಲಿಲ್ಲ.

“ಈ ಪರೀಕ್ಷೆ ಬೇರೆಯವರಿಗೆ ಕೊಡಲೇನಮ್ಮಾ?” ಎಂದರು ಗೈಡ್ ವತ್ಸಲಾ ಮೇಡಂ.

“ಬೇಡ ಮೇಡಂ, ನಾನೇ ಮಾಡ್ತೀನಿ.”

ಔಷಧದ ಹನಿ ಬಿಟ್ಟಳು. ಮರಿಹೃದಯ ತಡವರಿಸಿ ನಿಂತೇಹೋಯಿತು.

ಮೇಡಂ ವಾರ್ಡಿಗೆ ಫೋನ್ ಹಚ್ಚಿ ಅವಳ ಕೈಗಿತ್ತರು. “ನೋಡಿದವಳು ನೀನು, ನೀನೇ ಹೇಳು.”

“ಕೇತಮ್ಮನಿಗೆ ಆ ಔಷಧ ಕೊಡಬೇಡಿ ಸರ್. ಹನಿ ಬಿದ್ದಕೂಡಲೇ ಮರಿಹೃದಯ ನಿಂತುಹೋಯ್ತು.”

“ಬೇರೆ ರೋಗಿಗಳಿಗೆಲ್ಲ ಒಗ್ಗಿದೆಯಲ್ಲಮ್ಮಾ?” ಎಂದರು ಡಾಕ್ಟರು.

“ನಮ್ಮ ಸೋಲಿಗರ ಮೇಲೆ ಯಾರೂ ನೋಡಿರಲಿಲ್ಲ ಸರ್. ಇವತ್ತು ನಾನು ನೋಡಿದೆ.”

“ಸರಿ, ಕೊಡೋದಿಲ್ಲ,” ಎಂದರು ಡಾಕ್ಟರು.

ಫೋನಿಟ್ಟ ಮೇಲೆ ಮಾದೇವಿ ಚಿಕ್ಕವ್ವನನ್ನು ನೋಡಲು ವಾರ್ಡಿನತ್ತ ನಡೆದಳು.