ಕಾಡಿಗೆ ಕಡ್ಡಿ

"ಆ ಕಡ್ಡಿ ಕೆಳಗಿಡು ದೊಡ್ಡಮ್ಮ!"

ಬಾಗಿಲಲ್ಲೇ ಕೂಗಿದ ಅದ್ಮಾ ಒಳಗೆ ನುಗ್ಗಿ ತಕ್ಲಾಳ ಕೈಯಿಂದ ಕಾಡಿಗೆ ಕಡ್ಡಿಯನ್ನು ಕಿತ್ತುಕೊಂಡಳು. ಅದ್ಮಾ ಜಹ್ಲೆ ಊರಿನ ಕಣ್ಣಿನ ಆಸ್ಪತ್ರೆಯ ದಾದಿ. ತಕ್ಲಾಳ ಮಗಳು ನಜ್ಲಾ ಮುಖ ಮೇಲೆತ್ತಿ, ಕಣ್ಣು ಮುಚ್ಚಿ ಕೂತಿದ್ದಳು. ಕಡ್ಡಿ ರೆಪ್ಪೆಗೆ ತಾಗಲು ಕೂದಲೆಳೆಯಷ್ಟೇ ಬಾಕಿಯಿತ್ತು.

"ಅಮೆರಿಕದಲ್ಲಿರೋ ಗಂಡನ ಹತ್ರ ಹೋಗ್ತಿದಾಳೆ ಕಣೇ. ಬೋಳು ಕಣ್ಣಲ್ಲಿ ಕಳಿಸಲಾ?"

"ಹಚ್ಚು, ನಿನ್ನ ಕಣ್ಣಿಗೆ ಹಚ್ಚಿದ ಕಡ್ಡೀನೇ ಹಚ್ಚು. ಬೈರೂತಲ್ಲಿ ಹಡಗಿನ ಡಾಕ್ಟರು ರೆಪ್ಪೆ ಮಗುಚಿ ನೋಡಿ, ಬಂದ ರೈಲಲ್ಲೇ ವಾಪಸ್ ಕಳಿಸ್ತಾರೆ."

ತಾಯಿ ಮಗಳಿಬ್ಬರಿಗೂ ಒಂದೇ ಬೇನೆ, ರೆಪ್ಪೆಯೊಳಗೆ ಮರಳು ಹೊಯ್ದಂತೆ ಚುಚ್ಚುವ ಅಂಟುರೋಗ. ಚಳಿಗಾಲವಿಡೀ ಅದ್ಮಾ ಮೈಲುತುತ್ತದ ಹರಳಿನಿಂದ ಇಬ್ಬರ ರೆಪ್ಪೆಗಳನ್ನೂ ಉಜ್ಜಿದ್ದಳು. ಮಗಳದು ವಾಸಿಯಾಯಿತು, ತಾಯಿಯದು ಆಗಲಿಲ್ಲ. ಅಂದಿನಿಂದ ಒಂದೇ ಕೋಣೆಯಲ್ಲಿ ಬೇರೆ ಬೇರೆ ದಿಂಬು, ಬೇರೆ ಬೇರೆ ಬೋಗುಣಿ. ಮುಖ ಒರೆಸಿದ ಬಟ್ಟೆಯನ್ನೆಲ್ಲ ಕುದಿಸಲೇಬೇಕು. ಮಗಳ ಕೆನ್ನೆ ಸವರಲೂ ತಕ್ಲಾಗೆ ಅಪ್ಪಣೆಯಿರಲಿಲ್ಲ. ಕೈಯಳತೆಯಲ್ಲೇ ಮಲಗಿದ್ದ ಮಗಳನ್ನು ಮುಟ್ಟಲು ಅವಳ ಜೀವ ಹಂಬಲಿಸುತ್ತಿತ್ತು.

ಅದ್ಮಾ ದನಿ ತಗ್ಗಿಸಿದಳು. "ಇದೆಲ್ಲ ನಿಂಗೆ ಬಾಯಿಪಾಠ ಆಗಿದೆ. ನಿಜ ಹೇಳು, ಮರೆತೆಯಾ? ಇಲ್ಲಾ ಬೇಕಂತಲೇ ತಗೊಂಡೆಯಾ?"

ತಕ್ಲಾ ತಲೆ ತಗ್ಗಿಸಿದಳು. "ಕೈ ತಾನಾಗೇ ಹೋಯ್ತು. ಆಮೇಲೆ, ಕಣ್ಣು ಕೆಂಪಾದ್ರೆ ಇಲ್ಲೇ ಉಳೀತಾಳಲ್ಲ ಅಂತ ಅನ್ನಿಸ್ತು. ಸುಳ್ಳು ಯಾಕೆ ಹೇಳ್ಲಿ?"

ನಜ್ಲಾ ಕಣ್ಣು ತೆರೆದಳು. ಸಿಟ್ಟು ಬರಬೇಕಿತ್ತು, ಅಳು ಬಂತು. ವರ್ಷಗಟ್ಟಲೆ ಗಂಡ ಶಾಹೀನನ ಮುಖ ನೋಡಲು ಕಾತರಿಸಿದವಳು ಅವಳು. ಈಗ ಎದುರಿಗಿದ್ದ ಈ ಮುಖವನ್ನು ಬಿಟ್ಟು ಹೋಗಲು ಕಾಲೇ ಏಳಲಿಲ್ಲ.

"ಅಳಬೇಡ್ವೇ ನನ್ನ ಕಣ್ಣೇ, ಕೆಂಪಾಗುತ್ತೆ." ಮಗಳ ಕಣ್ಣೊರೆಸಲು ತಕ್ಲಾಳ ಕೈ ಎಂದಿನಂತೆ ತಲೆವಸ್ತ್ರದ ತುದಿಗೆ ಹೋಯಿತು, ಅಲ್ಲೇ ನಿಂತಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಹೊರಗಿನಿಂದ ಗಾಡಿಯವನ ಕೂಗು ಕೇಳಿಸಿತು. "ಬರ್ತೀರೋ, ಇಲ್ಲಾ ನನ್ನ ಕುದುರೆ ಮುದಿಯಾಗೋವರೆಗೂ ಕಾಯ್ಲೋ? ರೈಲೇನು ನಿಮ್ಮಪ್ಪಂದಾ?"

ಅದ್ಮಾ ಹೂಜಿ ಎತ್ತಿಕೊಂಡಳು. "ಕೈ ಚಾಚು ದೊಡ್ಡಮ್ಮ" ಎಂದು ನೀರು ಹೊಯ್ದು, ಸಾಬೂನು ಹಚ್ಚಿ, ಉಗುರಿನ ಸಂದಿಗಳನ್ನೂ ಬಿಡದೆ ತಾನೇ ತಿಕ್ಕಿ ತೊಳೆದಳು. ಚೀಲದಿಂದ ಶುಭ್ರವಾದ ಬಿಳಿ ಬಟ್ಟೆಯೊಂದನ್ನು ತೆಗೆದು ಅವಳ ಕೈಗಿತ್ತಳು.

"ಈಗ ಅವಳ ಕಣ್ಣು ಒರೆಸು."

ತಕ್ಲಾ ಒರೆಸಿದಳು. ಕಣ್ಣು ಒರೆಸಿಯಾದ ಮೇಲೂ ಒದ್ದೆಯೇ ಇಲ್ಲದ ಹಣೆಯನ್ನು ಒರೆಸಿದಳು, ಗಲ್ಲವನ್ನು ಒರೆಸಿದಳು, ಕಿವಿಯ ಹಿಂದೆ ಒರೆಸಿದಳು. ನಜ್ಲಾ ಮಗುವಿನ ಹಾಗೆ ಮುಖವೊಡ್ಡಿ ಕೂತಿದ್ದಳು. ಗಾಡಿಯವನು ಮತ್ತೆ ಮತ್ತೆ ಕೂಗಿದ. ತಕ್ಲಾ ಒರೆಸುತ್ತಲೇ ಇದ್ದಳು.

ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಅದ್ಮಾ ಒಲೆಯ ಮೇಲೆ ನೀರಿಟ್ಟು ಕೈಚಾಚಿದಳು.

"ಆ ಬಟ್ಟೆ ಕೊಡು, ಕುದಿಸಬೇಕು."

ತಕ್ಲಾ ಒದ್ದೆ ಬಟ್ಟೆಯನ್ನು ಎದೆಗೊತ್ತಿಕೊಂಡಳು. "ಅವಳ ಕಣ್ಣಲ್ಲಿ ಈಗ ರೋಗ ಇಲ್ಲ ಅಂತ ನೀನೇ ತಾನೆ ಹೇಳಿದ್ದು? ಮತ್ತೆ ಇದನ್ನ ಯಾಕೆ ಕುದಿಸ್ತೀ?"