ಓತಿಕ್ಯಾತದ ಮೊಟ್ಟೆಗೆ ಮೂರು ಹೊತ್ತು ನೀರು

ಹೊಸ ಗೋಡೆಗೆ ನೀರು ಹೊಡೆದಾಗ ಏಳುವ ಸಿಮೆಂಟಿನ ವಾಸನೆ ಬಂದರೆ ನನಗೆ ಇಂದಿಗೂ ನಾಚಾರಂನ ಆ ಮಧ್ಯಾಹ್ನ ನೆನಪಾಗುತ್ತದೆ.

ಊರು ಬಿಟ್ಟು ಬಂದ ಅಪ್ಪ, ಅವ್ವ ಆ ಬಡಾವಣೆಯಲ್ಲಿ ಕಟ್ಟಡದ ಕೂಲಿ ಮಾಡುತ್ತಿದ್ದರು. ನಾನು ಪೇಂಟಿನ ಖಾಲಿ ಬಕೆಟ್ಟಿಗೆ ಮರಳು ತುಂಬಿ, ಬೇವಿನ ಟೊಂಗೆ ನೆಟ್ಟು, ಇರುವೆ ಹಿಡಿದು ಹಾಕಿ ಒಂದು ಹೆಣ್ಣು ಓತಿಕ್ಯಾತ ಸಾಕಿದ್ದೆ. ಬಿಟ್ಟು ಬಾ ಎಂದು ಅಪ್ಪ ದಿನಾ ಬೈಯುತ್ತಿದ್ದ. ಅದು ಮರಳು ಕೆದರಿ ಆರು ಮೊಟ್ಟೆ ಇಟ್ಟಿತು. ಮರಿ ಮಾಡಿಸಿಯೇ ತೀರುತ್ತೇನೆಂದು ಹಟ ಹಿಡಿದೆ. ಅಪ್ಪ ಗೋಡೆಗೆ ನೀರು ಹೊಡೆದಾಗಲೆಲ್ಲ, ದಿನಕ್ಕೆ ಮೂರು ಸಲ, ನಾನೂ ಮೊಟ್ಟೆಗಳ ಮೇಲೆ ಒಂದು ಚೊಂಬು ಸುರಿದೆ. ನೀರು ಕುಡಿದಷ್ಟೂ ಹೊಸ ಗೋಡೆಯಂತೆ ಎಲ್ಲವೂ ಗಟ್ಟಿಯಾಗುತ್ತದೆ ಎಂದೇ ತಿಳಿದಿದ್ದೆ.

ಹತ್ತನೆಯ ದಿನ ಮರಳು ನಾರತೊಡಗಿತು. ಅವ್ವ ಜರಡಿ ಕೆಳಗಿಟ್ಟು ಬಂದು ಬೆರಳಿನಿಂದ ಕೆದಕಿದಳು. ಮೊಟ್ಟೆಗಳು ಕಪ್ಪಾಗಿ ಕುಸಿದಿದ್ದವು.

“ಗ್ವಾಡಿಗಿ ಹೊಡದಂಗ ಹೊಡದೀಯಲ್ಲವ್ವ. ಇವು ಉಸರಾಡ್ತಾವ,” ಎಂದಳು ಅವ್ವ.

ನಾನು ಅಳಲಿಲ್ಲ. ಓತಿಕ್ಯಾತವನ್ನು ಅವ್ವನ ಜರಡಿಯ ಕೆಳಗೆ ಮುಚ್ಚಿಟ್ಟು, ಒದ್ದೆ ಮರಳು ಚೆಲ್ಲಿ, ಬಕೆಟ್ಟನ್ನು ಬೋರಲು ಹಾಕಿ, ತಳಕ್ಕೆ ಮೊಳೆಯಿಟ್ಟು ಕಲ್ಲಿನಿಂದ ಬಡಿಯತೊಡಗಿದೆ.

“ಏನ್ ಮಾಡಾಕತ್ತೀ?” ಎಂದ ಅಪ್ಪ.

“ನೀರು ಇಳಿಯಾಕ ತೂತು. ಅದು ಮತ್ತ ಮೊಟ್ಟಿ ಇಡ್ತೈತಿ.”

ಅಪ್ಪ ನನ್ನ ಕೈಯಿಂದ ಕಲ್ಲು ಕಸಿದುಕೊಂಡ. ತನ್ನ ಸುತ್ತಿಗೆ ಕೊಟ್ಟ.