ಒಂದು ಲೋಟ ಹೆಚ್ಚು

ಹನ್ನೊಂದು ವರ್ಷ ಚರ್ಚಿನ ನೆಲ ಒರೆಸಿದ್ದಕ್ಕೆ ಅವಳು ತೆತ್ತದ್ದು ಎರಡು ಮಂಡಿ. ಸಾಯುವಾಗ ನೀರು ಕೇಳಿದ ಅತ್ತೆಗೆ ಹಳೇ ಸಿಟ್ಟಿನಿಂದ ಕೊಡದೇ ಹೋದ ಪಾಪ ಅಷ್ಟಕ್ಕೆ ತೀರುವುದೆಂದು ಅವಳಿಗೆ ನಂಬಿಕೆಯಿರಲಿಲ್ಲ.

ಯೇಸುವಿನ ನೆನಪಿಗೆ ರೊಟ್ಟಿ, ತಲೆಗೊಂದು ಲೋಟ ದ್ರಾಕ್ಷಾರಸ ಹಂಚುವ ಪ್ರಭುಭೋಜನ ಮುಗಿದು, ಪಾಸ್ಟರ್ ಬಿಟ್ಟು ಎಲ್ಲರೂ ಹೋದ ಮೇಲೆ ಪುಟ್ಟ ಲೋಟಗಳನ್ನು ತೊಳೆಯಲು ಬಂದಳು. ಎಂದಿನಂತೆ ಒಂದು ಲೋಟದ ದ್ರಾಕ್ಷಾರಸ ಹಾಗೇ ಉಳಿದಿತ್ತು. “ಪಾಸ್ಟ್ರೇ, ತಲೆ ನರೆತ್ರೂ ನಿಮಗೆ ಎಣಿಸೋಕೆ ಬರ್ಲಿಲ್ವಲ್ಲ! ಪ್ರತಿಸಲ ಒಂದು ಜಾಸ್ತಿ.”

“ಎಣಿಸಿಯೇ ತುಂಬ್ತೀನಿ ಕಣಮ್ಮ. ಅದು ನಿಂದು, ನೀನು ಬಂದ ಮೊದಲನೇ ವಾರದಿಂದ್ಲೂ.”

“ಒಂದು ಗುಟುಕು ನೀರು ಕೊಡದ ಕೈ ಇದು. ನಾನಿನ್ನೂ ತೀರಿಸಿಲ್ಲ.”

“ನಿನ್ನ ಕೈಲಿ ತೀರೋದಲ್ಲ. ಕ್ರಿಸ್ತ ಆವತ್ತೇ ಶಿಲುಬೆ ಮೇಲೆ ತೀರಿಸ್ದ. ಕುಡಿ.”

ಅವಳು ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಮೊದಲ ಸಲ ಬೆಂಚಿನ ಮೇಲೆ ಕೂತು ಕುಡಿದಳು. ಆ ದಿನ ನೆಲ ಒರೆಸುವುದು ಬಾಕಿ ಉಳಿಯಿತು. ಪಾಪ ಉಳಿಯಲಿಲ್ಲ.